ಬೆಣಚಿಗುಡ್ಡದ ಗರಸು ಮಣ್ಣು

ಮಾರ್ಚ್ 3, ಸೋಮವಾರ

ಸೊರಬದ ತರಬೇತಿಯಲ್ಲಿ ಹೇಳಿದ್ದರು, ಕಾಯಕ ಬಂಧು ಆದವರು ದಿನಾ ಕೆಲಸದ ಡೈರಿ ಬರೆಯಬೇಕು ಅಂತ. ಬರೆದೆ. ‘ಮೂವತ್ತೊಂದು ಜನ ಬಂದಿದ್ದರು, ಕುಡಿಯುವ ನೀರು ಇತ್ತು, ನೆರಳು ಇತ್ತು.’ ಓದಿದರೆ ನನಗೇ ಆಕಳಿಕೆ ಬಂತು. ಅದಕ್ಕೆ ಆನವಟ್ಟಿಯಿಂದ ಇನ್ನೊಂದು ಪುಸ್ತಕ ತರಿಸಿದೆ. ಅದು ಆಫೀಸಿಗೆ, ಇದು ನನಗೆ. ಇದರಲ್ಲಿ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ.

ಕಾಯಕ ಬಂಧು ಅಂದರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಬರುವವರ ಮೇಸ್ತ್ರಿ. ಹೆಸರು ದೊಡ್ಡದು, ಕೆಲಸ ಕೂಗುವುದು. ಕೂಗುವುದರಲ್ಲಿ ಲೋಕಮ್ಮನನ್ನು ಮೀರಿಸುವವರು ಈ ಊರಲ್ಲಿಲ್ಲ ಅಂತ ಇವರೇ ಹೇಳುತ್ತಾರೆ. ಇವರು ಅಂದರೆ ನನ್ನ ಯಜಮಾನರು, ಜಟ್ಟಪ್ಪ. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಇದೊಂದು.

ಇವತ್ತು ಬೆಣಚಿಗುಡ್ಡದಲ್ಲಿ ಇಂಗುಗುಂಡಿ ತೋಡುವ ಕೆಲಸ ಶುರುವಾಯಿತು. ಮಳೆ ನೀರು ಹರಿದು ಹೋಗದೆ ಅಲ್ಲೇ ನಿಂತು ಭೂಮಿಗೆ ಇಳಿಯಲಿ ಅಂತ ತೋಡುವ ಗುಂಡಿಗಳು. ಮುನ್ನೂರು ತೋಡಬೇಕು. ನಕ್ಷೆಯಲ್ಲಿ ಗುಡ್ಡದ ಹಿಂಬದಿ ತೋರಿಸಿದ್ದಾರೆ. ಅಲ್ಲಿ ಇಳಿಜಾರು ಕಡಿಮೆ, ಕೆಳಗೆ ಮನೆ ಮಠ ಏನೂ ಇಲ್ಲ.

ಮುಂಬದಿಯ ಬುಡದಲ್ಲಿ ಇರುವುದು ಒಂದೇ ಮನೆ. ಇವರ ಅಣ್ಣ ಕೆಂಪಪ್ಪ ಭಾವ ಮತ್ತು ಅವರ ಹೆಂಡತಿ. ಆ ಕೆಳಗಿನ ಮನೆಯವಳ ಜೊತೆ ನಾನು ಮಾತು ಬಿಟ್ಟು ಎರಡು ವರ್ಷವಾಯಿತು. ನಾನು ಕಾಯಕ ಬಂಧು ಆದ ದಿನ ನ್ಯಾಯಬೆಲೆ ಅಂಗಡಿ ಮುಂದೆ ಹತ್ತು ಜನರೆದುರು ಅಂದಳು, ‘ಅಂಗಳ ಗುಡಿಸೋಕೆ ಬರದೋಳು ಊರ ಮಣ್ಣು ತೋಡಿಸ್ತಾಳಂತೆ.’ ಜನ ನಕ್ಕರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮಾರ್ಚ್ 10, ಸೋಮವಾರ

ಒಂದು ವಾರ ನೆಟ್‌ವರ್ಕ್ ಹುಡುಕಿಯೇ ಹೋಯಿತು. ದಿನಕ್ಕೆ ಎರಡು ಸಲ ಎಲ್ಲರನ್ನೂ ನಿಲ್ಲಿಸಿ, ಕೆಲಸದ ಜಾಗದಲ್ಲೇ ಫೋಟೊ ತೆಗೆದು ಹಾಜರಿ ಆ್ಯಪ್‌ಗೆ ಹಾಕಬೇಕು. ಫೋಟೊ ಹೋಗಲಿಲ್ಲ ಅಂದರೆ ಆ ದಿನ ಯಾರೂ ಬಂದೇ ಇಲ್ಲ ಅಂತ ಲೆಕ್ಕ. ಹಿಂಬದಿಯಲ್ಲಿ ಒಂದು ಕಡ್ಡಿಯೂ ಬರುವುದಿಲ್ಲ. ಗುರುವಾರ ನಾನು ಮತ್ತಿ ಮರ ಹತ್ತಿ ಫೋನು ಎತ್ತಿ ಹಿಡಿದೆ. ಕೆಳಗೆ ನಿಂತವರು ನಕ್ಕರೇ ಹೊರತು ಫೋಟೊ ಹೋಗಲಿಲ್ಲ. ಶುಕ್ರವಾರದ ಹಾಜರಿಯೂ ತಪ್ಪಿತು. ಹೆಂಗಸರು ನನ್ನನ್ನೇ ಬೈದರು, ಬೈಯಲೇಬೇಕು.

ಮುಂಬದಿಯಲ್ಲಿ ಆನವಟ್ಟಿ ಟವರ್ ಸಿಗುತ್ತೆ, ನಾಲ್ಕು ಕಡ್ಡಿ. ಇಂಜಿನಿಯರ್ ದೇವರಾಜ ಅವರಿಗೆ ಫೋನು ಮಾಡಿದೆ. ‘ನೆಟ್‌ವರ್ಕ್ ಇರೋ ಕಡೆ ತೋಡಿಸ್ರೀ ಲೋಕಮ್ಮ, ಗುಡ್ಡ ಒಂದೇ ಅಲ್ವಾ’ ಅಂದರು. ಜಾಗ ಎಲ್ಲಿ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನೇ ಹೋಗಿ ಸುಣ್ಣ ಎಳೆದು ಗುರುತು ಹಾಕಿದೆ, ಎಂಟು ಸಾಲು. ಇಳಿಜಾರು ಸ್ವಲ್ಪ ಜಾಸ್ತಿ. ಆದರೆ ನಡೆಯುವುದರಲ್ಲಿ ಅರ್ಧ ಗಂಟೆ ಉಳಿತಾಯ. ಎಲ್ಲರಿಗೂ ಖುಷಿ.

ಮಾರ್ಚ್ 13, ಗುರುವಾರ

ಮಣ್ಣು ಎಷ್ಟು ಸಡಿಲ ಅಂದರೆ ಕೆಲಸ ಓಡುತ್ತಿದೆ. ಮೇಲೆ ದರಗೆಲೆ, ಅದರಡಿ ನಾಲ್ಕು ಬೆರಳು ಕಪ್ಪು ಮಣ್ಣು, ಆಮೇಲೆ ಬರೀ ಗರಸು. ಗುದ್ದಲಿ ಹಾಕಿದರೆ ಕರಕರ ಅಂತ ಬರುತ್ತೆ. ಬೇರು ಮಾತ್ರ ವಿಪರೀತ, ಕೊಡಲಿಗೇ ಒಬ್ಬರನ್ನು ಇಟ್ಟಿದ್ದೇನೆ.

ಊಟದ ಹೊತ್ತಿಗೆ ನೀರು ತರಲು ಕೆಳಗೆ ಹೋದಾಗ ಕೆಂಪಪ್ಪ ಭಾವ ಕಟ್ಟೆ ಮೇಲೆ ಕೂತಿದ್ದರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಲ್ಲಿ ಅವರು ತೋಡಿದ ಬಾವಿಗಳಿವೆ. ಮಂಡಿ ಹೋಗಿ ಮೂರು ವರ್ಷವಾಯಿತು, ಗುಡ್ಡ ಹತ್ತಲು ಆಗುವುದಿಲ್ಲ. ಹೆಂಡತಿ ಮಾತು ಬಿಟ್ಟರೂ ಅವರು ಬಿಟ್ಟಿಲ್ಲ.

‘ನೋಡವ್ವ, ಗರಸು ಮಣ್ಣು ಜರಡಿ ಇದ್ದಂಗೆ. ಹೊಯ್ದಷ್ಟೂ ಕುಡಿತದೆ, ಒಂದು ಹನಿ ಇಟ್ಕೊಳಲ್ಲ. ಕೆಳಗೆ ಬಂಡೆ ಇದ್ರೆ ಚಿಂತೆ ಇಲ್ಲ. ಶೇಡಿ, ಆ ನುಣುಪು ಬಿಳಿ ಮಣ್ಣು, ಇದ್ರೆ ಮಾತ್ರ ಹುಷಾರು. ಶೇಡಿ ಕಂಡ ಕೂಡಲೇ ಗುಂಡಿ ಮುಚ್ಚಿಸಿಬಿಡು.’

‘ಎರಡೇ ಅಡಿ ಭಾವ, ಶೇಡಿ ಎಲ್ಲಿಂದ ಬರಬೇಕು’ ಅಂದೆ. ಇವತ್ತಿನವರೆಗೆ ಯಾವ ಗುಂಡಿಯಲ್ಲೂ ಕಂಡಿಲ್ಲ.

ಒಳಗಿಂದ ಅವಳು, ಯಾರಿಗೂ ಅಲ್ಲ ಅನ್ನುವ ಹಾಗೆ, ಗೋಡೆಗೆ ಹೇಳಿದಳು: ‘ತಲೆ ಮೇಲೆ ಕೆರೆ ಕಟ್ಟಿಸ್ತಾರೆ, ಕೇಳೋರಿಲ್ಲ.’ ಹೊಟ್ಟೆಕಿಚ್ಚು. ಅವಳ ಮನೆ ಮುಂದೆಯೇ ನಾನು ಮೂವತ್ತು ಜನರನ್ನು ನಡೆಸಿಕೊಂಡು ಹೋಗುತ್ತೇನಲ್ಲ, ಅದನ್ನು ನೋಡಲಾಗುವುದಿಲ್ಲ.

ಏಪ್ರಿಲ್ 9, ಬುಧವಾರ

ಶಿಕಾರಿಪುರದಿಂದ ಮಣ್ಣು ಪರೀಕ್ಷೆಯವಳು ಬಂದಿದ್ದಳು, ಸಂಘಮಿತ್ರಾ ಅಂತ. ಬೈಕಿನಲ್ಲಿ ಒಬ್ಬಳೇ ಬಂದಳು, ಬೆನ್ನಿಗೆ ಚೀಲ. ಕಾಡು ಮಣ್ಣಿನ ನಮೂನೆ ಬೇಕಂತೆ. ಎಲ್ಲರೂ ಊಟಕ್ಕೆ ಕೂತಿದ್ದರು, ನಾನೇ ಅವಳ ಜೊತೆ ಮೇಲಿನ ಸಾಲಿನ ಆಚೆಗೆ ಹೋದೆ. ಅವಳೂ ನಾನೂ ಸೇರಿ ಒಂದು ಆಳದ ಗುಂಡಿ ತೋಡಿದೆವು. ಹುಡುಗಿ ಹಾರೆ ಹಿಡಿಯುವುದನ್ನು ನೋಡಿ ಖುಷಿಯಾಯಿತು.

ಗುಂಡಿಯ ಗೋಡೆಗೆ ಟೇಪು ಇಳಿಬಿಟ್ಟು ಒಂದೊಂದೇ ಹೇಳುತ್ತಾ ಬರೆದುಕೊಂಡಳು. ಕಪ್ಪು ಮಣ್ಣು ಕೈಯಲ್ಲಿ ಹಿಡಿದರೆ ಪುಡಿಪುಡಿ, ಮೂಸಿದರೆ ಮಳೆ ವಾಸನೆ. ಅದರ ಕೆಳಗಿನ ಕೆಂಚು ಮಣ್ಣನ್ನು ಜರಡಿ ಹಿಡಿದಳು, ಅರ್ಧಕ್ಕಿಂತ ಜಾಸ್ತಿ ಕಲ್ಲು. ಒದ್ದೆ ಮಾಡಿ ಉಂಡೆ ಕಟ್ಟಿದಳು, ನಿಲ್ಲಲಿಲ್ಲ. ಬಾಟಲಿ ನೀರು ಹೊಯ್ದಳು, ನಾನು ಹತ್ತು ಎಣಿಸುವಷ್ಟರಲ್ಲಿ ಮಾಯ.

ನಾಲ್ಕು ಅಡಿಗೆ ಹಾರೆಯ ಸದ್ದು ಬದಲಾಯಿತು. ಬಿಳಿ, ಸ್ವಲ್ಪ ಹಳದಿ, ಸಾಬೂನಿನಷ್ಟು ನುಣುಪು. ಶೇಡಿ. ಅದರ ಮೇಲೆ ನೀರು ಹೊಯ್ದಾಗ ಇಳಿಯಲಿಲ್ಲ, ನಿಂತು, ಆಮೇಲೆ ನಿಧಾನಕ್ಕೆ ಕೆಳಗಿನ ಮನೆಯ ಕಡೆಗೆ ಜಾರಿತು.

‘ಇಲ್ಲಿ ಗುಂಡಿ ತೋಡ್ರಿ ಅಂತ ಯಾರು ಹೇಳ್ಯಾರ್ರೀ?’

ನಕ್ಷೆಯಲ್ಲಿದೆ ಅಂದೆ.

‘ಮೇಲಿನ ಮಣ್ಣು ಕುಡಿತೈತಿ, ಕೆಳಗಿಂದು ಕುಡಿಯಂಗಿಲ್ಲ. ನಡುವೆ ನೀರು ನಿಂತ್ರ ಇಡೀ ಇಳಿಜಾರು ಎಣ್ಣಿ ಹಚ್ಚಿದ ಕಟ್ಟಿಗಿ ಮಣಿ ಮ್ಯಾಲೆ ಕುಂತಂಗ್ರೀ ಅಕ್ಕಾ. ಇಷ್ಟು ದಿನ ಬೇರು ಹಿಡ್ಕೊಂಡಿದ್ವು.’ ಕಡಿದು ರಾಶಿ ಹಾಕಿದ್ದ ಬೇರುಗಳನ್ನು ನೋಡಿದಳು. ಒಂದು ಹಾಳೆ ಬರೆದುಕೊಟ್ಟಳು, ಇಂಜಿನಿಯರ್ ಕೈಗೆ ಕೊಡಿ, ಮಳೆಗೆ ಮುಂಚೆ ಮುಚ್ಚಿಸಬೇಕು ಅಂತ.

ಇನ್ನೂರಾ ಹತ್ತು ಗುಂಡಿ ಆಗಿವೆ. ಹೊಸ ಹುಡುಗಿ, ಪುಸ್ತಕದ ಮಾತು. ಹಾಳೆ ಈ ಪುಸ್ತಕದೊಳಗೇ ಇಟ್ಟಿದ್ದೇನೆ, ದೇವರಾಜ ಅವರು ಬಂದಾಗ ಕೊಡಬೇಕು.

ಏಪ್ರಿಲ್ 10, ಗುರುವಾರ

ಭಾವ ಕೇಳಿದರು, ‘ಆ ಹುಡುಗಿ ಆಳಕ್ಕೆ ತೋಡಿದ್ಲಂತಲ್ಲ, ಏನು ಸಿಕ್ತು?’

‘ಗರಸು, ಆಮೇಲೆ ಬಂಡೆ’ ಅಂದೆ.

‘ಬಂಡೆ ಸಿಕ್ಕಿತಲ್ಲ, ಹಂಗಾದ್ರೆ ನೆಮ್ಮದಿ’ ಅಂದರು. ಆ ಗುಂಡಿಯನ್ನು ಬೆಳಗ್ಗೆ ಯಾರೂ ಬರುವ ಮುಂಚೆ ನಾನೇ ಮುಚ್ಚಿದ್ದೆ. ದನ ಬೀಳಬಾರದು ಅಂತ.

ಮೇ 2, ಶುಕ್ರವಾರ

ಮುನ್ನೂರೂ ಮುಗಿದವು. ಜಿಲ್ಲೆಯಿಂದ ಸಾಹೇಬರು ಬಂದು ನೋಡಿ ಮಾದರಿ ಕಾಮಗಾರಿ ಅಂದರು. ನನ್ನನ್ನು ಗುಂಡಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆದರು, ಕೈಯಲ್ಲಿ ಗುದ್ದಲಿ ಹಿಡಿಸಿ. ಪೇಪರಿನಲ್ಲಿ ಬರುತ್ತದಂತೆ. ಇವರು ಹೊಸ ಶರ್ಟು ಹಾಕಿಕೊಂಡು ದೂರದಲ್ಲಿ ನಿಂತಿದ್ದರು, ನಕ್ಕರು ಕೂಡ.

ದೇವರಾಜ ಅವರು ಪೂರ್ತಿ ಹೊತ್ತು ಸಾಹೇಬರ ಜೊತೆಗೇ ಇದ್ದರು. ಹಾಳೆ ಕೊಡಲು ಆಗಲಿಲ್ಲ.

ಮೇ 26, ಸೋಮವಾರ

ಈ ಸಲ ಮಳೆ ಮುಂಚೆಯೇ ಹಿಡಿದಿದೆ. ನಿನ್ನೆ ಸಂಜೆ ಮೂರು ಗಂಟೆ ಹೊತ್ತು ಸುರಿಯಿತು. ಇವತ್ತು ಬೆಳಗ್ಗೆ ಗುಂಡಿ ನೋಡಲು ಓಡಿದೆ. ಎಲ್ಲ ತುಂಬಿ ತುಳುಕುತ್ತಿರುತ್ತವೆ, ಒಂದು ಫೋಟೊ ಹಾಕೋಣ ಅಂದುಕೊಂಡಿದ್ದೆ. ಮುನ್ನೂರರಲ್ಲಿ ಒಂದರಲ್ಲೂ ನೀರಿಲ್ಲ. ತಳ ಬರೀ ಒದ್ದೆ.

ಒಂದು ಹನಿಯೂ ಹರಿದು ಹೋಗಿಲ್ಲ. ಕೆಳಗಿನ ಹಳ್ಳ ಒಣಗಿಯೇ ಇದೆ. ಇಂಗುಗುಂಡಿ ಅಂದರೆ ಹೀಗಿರಬೇಕು ಅಂತ ದೇವರಾಜ ಅವರು ಫೋನಿನಲ್ಲಿ ಹೊಗಳಿದರು. ಅಷ್ಟೂ ನೀರು ಎಲ್ಲಿಗೆ ಹೋಯಿತು ಅಂತ ಮನೆಗೆ ಬಂದು ಊಟಕ್ಕೆ ಕೂತಾಗ ಯೋಚನೆ ಬಂತು. ಅನ್ನ ಸ್ವಲ್ಪ ಬಿಟ್ಟೆ.

ಜೂನ್ 17, ಮಂಗಳವಾರ

ಹನ್ನೆರಡು ದಿನದಿಂದ ಬಿಟ್ಟೂ ಬಿಡದೆ ಮಳೆ. ಸೌದೆಯ ನೆಪ ಮಾಡಿಕೊಂಡು ಗುಡ್ಡ ಹತ್ತಿದೆ.

ಮೇಲಿನ ಸಾಲಿಗೂ ಎರಡನೇ ಸಾಲಿಗೂ ನಡುವೆ ನೆಲ ಬಿರಿದಿದೆ. ಎರಡು ಬೆರಳು ಅಗಲ. ಇಪ್ಪತ್ತು ಮಾರು ಉದ್ದ ಇರಬಹುದು, ಎರಡೂ ತುದಿ ಕೆಳಮುಖವಾಗಿ ಬಾಗಿದೆ. ಬೇಸಿಗೆಯಲ್ಲಿ ಗದ್ದೆ ಬಿರಿಯುವುದಿಲ್ಲವೇ, ಹಾಗೆಯೇ. ಮಳೆಗಾಲದಲ್ಲಿ ಬಿರಿಯುವುದನ್ನು ನಾನು ನೋಡಿಲ್ಲ, ಅಷ್ಟೇ.

ಮುಂದಿನ ವಾರ ಸಾಮಾಜಿಕ ಲೆಕ್ಕಪರಿಶೋಧನೆಗೆ ಜನ ಬರುತ್ತಾರೆ. ಬಿರುಕಿಗೆ ನಾನೇ ಗರಸು ತುಂಬಿ ತುಳಿದು ಮೇಲೆ ದರಗು ಹರಡಿದೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಇಂಥ ಕೆಲಸ ನನಗೆ ಚೆನ್ನಾಗಿ ಬರುತ್ತೆ, ಅಂಗಳ ಗುಡಿಸಲು ಬರುವುದಿಲ್ಲ ಅಂದವಳು ನೋಡಬೇಕಿತ್ತು.

ಜೂನ್ 19, ಗುರುವಾರ

ಸಂಘಮಿತ್ರಾ ಫೋನು ಮಾಡಿದ್ದಳು. ‘ಹಾಳಿ ಕೊಟ್ರೀ ಅಕ್ಕಾ?’

ಕೊಟ್ಟೆ ಅಂದೆ.

‘ಏನಂದ್ರು?’

ನೋಡ್ತೀನಿ ಅಂದ್ರು ಅಂದೆ. ‘ಬಿರುಕು ಕಂಡ್ರ ಮೊದಲು ಕೆಳಗಿನ ಮನಿಯವರನ್ನ ಎಬ್ಬಿಸ್ರಿ, ಆಮೇಲೆ ನನಗ ಫೋನ್ ಮಾಡ್ರಿ’ ಅಂದಳು. ಮಳೆಗೆ ಕೇಳಿಸುವುದಿಲ್ಲ ಅಂತ ಇಟ್ಟುಬಿಟ್ಟೆ.

ಜುಲೈ 4, ಶುಕ್ರವಾರ

ತುಂಬಿದ ಗರಸು ಒಳಗೆ ಇಳಿದುಹೋಗಿದೆ. ಈಗ ನಾಲ್ಕು ಬೆರಳು ಸಲೀಸಾಗಿ ಹೋಗುತ್ತೆ. ಬಿರುಕಿನ ಕೆಳಗಿರುವ ಹೊನ್ನೆ ಮರ ಹಿಂದಕ್ಕೆ ವಾಲಿದೆ, ಗುಡ್ಡದ ಕಡೆಗೆ. ಗಾಳಿಗೆ ವಾಲಿದ್ದರೆ ಆಚೆ ವಾಲಬೇಕಿತ್ತು. ಮತ್ತೆ ಗರಸು ಹೊತ್ತು ತಂದು ತುಂಬಿದೆ. ಹದಿನಾರು ಬುಟ್ಟಿ ಹಿಡಿಯಿತು.

ಬರುವಾಗ ಕೆಳಗಿನ ಮನೆಗೆ ಹೋಗಿದ್ದೆ. ಭಾವನ ಹೆಂಡತಿ ಗುಡ್ಡಮ್ಮ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಕಳಲೆ ಸಿಕ್ಕಿತ್ತು’ ಅಂತ ಕೊಟ್ಟೆ. ಎರಡು ವರ್ಷದ ಮೇಲೆ ಮೊದಲ ಮಾತು ಕಳಲೆ.

‘ಒಳಗೆ ಬಾ, ನೆನೆದು ತೊಪ್ಪೆ ಆಗೀಯ’ ಅಂದಳು. ಒಲೆ ಮುಂದೆ ಕೂರಿಸಿ ಕಷಾಯ ಕೊಟ್ಟಳು. ಹಿಂದಿನ ಬಾಗಿಲು ಹಾಕಲು ತೆಗೆಯಲು ಬರುವುದಿಲ್ಲವಂತೆ, ಮೇಲ್ಗಡೆ ಕಚ್ಚಿಕೊಳ್ಳುತ್ತದಂತೆ. ಭಾವ ಉಳಿ ಹಿಡಿದು ಕೆತ್ತುತ್ತಿದ್ದರು. ‘ಮಳೆಗೆ ಮರ ಉಬ್ಬಿದೆ’ ಅಂದರು. ಹೌದು, ಮಳೆಗೆ ಮರ ಉಬ್ಬುತ್ತೆ. ನಮ್ಮ ಮನೆ ಬಾಗಿಲೂ ಹಾಗೇ ಆಗಿದೆಯಾ ಅಂತ ಬಂದು ನೋಡಿದೆ. ಇಲ್ಲ.

ಜುಲೈ 9, ಬುಧವಾರ

ದಿನಾ ಹೋಗುತ್ತಿದ್ದೇನೆ. ಇವರು ಕೇಳಿದರು, ಎಂತಕ್ಕೆ ಅಂತ. ಗುಡ್ಡಮ್ಮಕ್ಕನಿಗೆ ಕೆಮ್ಮು, ನೋಡಿಕೊಂಡು ಬರಲು ಅಂದೆ. ನಿಜವಾಗಿಯೂ ಕೆಮ್ಮು ಇದೆ, ಸುಳ್ಳಲ್ಲ. ಅಕ್ಕ ಇವತ್ತು ನನ್ನ ತಲೆಗೆ ಎಣ್ಣೆ ಹಚ್ಚಿದಳು. ‘ಕೂದಲು ಇಷ್ಟು ಉದುರ್ತಿದೆಯಲ್ಲೇ, ಎಂತ ಚಿಂತೆ ನಿನಗೆ’ ಅಂದಳು. ಹೇಳಿಬಿಡೋಣ ಅನ್ನಿಸಿತು. ಎಲ್ಲಿಂದ ಶುರು ಮಾಡುವುದು ಅಂತ ತಿಳಿಯಲಿಲ್ಲ. ಬಿರುಕು ಅಂದರೆ ಯಾವಾಗ ಕಂಡೆ ಅನ್ನುತ್ತಾರೆ. ಯಾವಾಗ ಅಂದರೆ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಆಮೇಲೆ ಶೇಡಿಗೆ ಬರುತ್ತೆ, ಆಮೇಲೆ ಜಾಗಕ್ಕೆ. ಒಂದು ಎಳೆ ಎಳೆದರೆ ಇಡೀ ಕಂಬಳಿ ಬಿಚ್ಚುತ್ತೆ.

ಜುಲೈ 16, ಬುಧವಾರ

ಬಿರುಕಿನೊಳಗೆ ಕೈ ಹಾಕಿದೆ, ಮೊಣಕೈವರೆಗೆ ಹೋಯಿತು. ಒಳಗೆ ಗಾಳಿ ತಣ್ಣಗಿತ್ತು. ನೀರು ಹರಿಯುವ ಸದ್ದು ಕೇಳಿಸಿತು, ತುಂಬ ಕೆಳಗೆ. ಬೆಟ್ಟದ ಬುಡದಲ್ಲಿ, ಅವರ ಹಿತ್ತಲಿನಿಂದ ನೂರು ಹೆಜ್ಜೆ ಮೇಲೆ, ಪೊದೆಯೊಳಗೆ ಹೊಸ ಒರತೆ ಎದ್ದಿದೆ. ನೀರು ಅಕ್ಕಿ ತೊಳೆದಷ್ಟು ಬೆಳ್ಳಗೆ. ಭಾವ ಅಷ್ಟು ದೂರ ಹತ್ತುವುದಿಲ್ಲ, ನೋಡಿಲ್ಲ.

ಇನ್ನು ಸುಮ್ಮನಿರಲು ಆಗಲಿಲ್ಲ. ಓಡಿ ಹೋದೆ. ಅಕ್ಕ ‘ಏನಾಯ್ತೇ’ ಅಂದಾಗ ಬಾಯಿಗೆ ಬಂದಿದ್ದು ಇದು: ‘ಬೆಳಗಿನ ಜಾವ ಕನಸು ಬಿತ್ತಕ್ಕ. ಗುಡ್ಡದ ಚೌಡಮ್ಮ ಬಂದು, ಇವರನ್ನ ಇಲ್ಲಿಂದ ಎಬ್ಬಿಸು, ನಾನು ಇಳೀಬೇಕು ಅಂದ್ಲು.’

ಕನಸೂ ಇಲ್ಲ ಎಂತದೂ ಇಲ್ಲ. ಅಕ್ಕನ ಮುಖ ಬಿಳಿಚಿತು. ಒಂದು ಮಾತೂ ಕೇಳದೆ ಟ್ರಂಕು ತೆಗೆದಳು.

ಭಾವ ನಕ್ಕರು. ‘ನಲವತ್ತು ವರ್ಷ ಚೌಡಿ ಮಣ್ಣು ತೋಡೀನಿ. ಹೇಳೋದಿದ್ರೆ ನನಗೆ ಹೇಳ್ತಿದ್ಲು.’ ಆದರೂ ಹೆಂಡತಿ ಅಳುವುದು ನೋಡಲಾಗದೆ ಬಂದರು. ಎಮ್ಮೆಯನ್ನೂ ಹೊಡೆದುಕೊಂಡು ಬಂದೆವು. ಈಗ ಎಲ್ಲರೂ ನಮ್ಮ ಮನೆಯಲ್ಲಿದ್ದಾರೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಜುಲೈ 20, ಭಾನುವಾರ

ಮಳೆ ನಿಂತಿತು. ನಾಲ್ಕು ದಿನ ಸುರಿದರೂ ಏನೂ ಆಗಲಿಲ್ಲ. ಬಿಸಿಲು ಬಿದ್ದಿದೆ, ಗದ್ದೆಯಲ್ಲಿ ನಾಟಿ ಶುರು. ಊರವರು ನನ್ನನ್ನು ಕಂಡಲ್ಲಿ ತಮಾಷೆ ಮಾಡುತ್ತಿದ್ದಾರೆ. ‘ಲೋಕಮ್ಮ, ಇವತ್ತು ಚೌಡಮ್ಮ ಎಂತ ಅಂದ್ಲು? ನಮ್ಮನೆ ಹಸು ಯಾವಾಗ ಕರು ಹಾಕ್ತದಂತೆ?’ ನಾನೂ ನಕ್ಕೆ. ನಗುವಾಗ ನಾನೂ ಅಂದುಕೊಂಡೆ, ಇಷ್ಟು ಮಳೆಗೆ ಬೀಳದ್ದು ಇನ್ನು ಬಿದ್ದೀತೇ ಅಂತ.

ಗುಡ್ಡಕ್ಕೆ ಹೋಗಲಿಲ್ಲ.

ಜುಲೈ 21, ಸೋಮವಾರ

ಭಾವ ಬೆಳಗ್ಗೆಯೇ ಹೊರಟರು. ಸಸಿ ಕೀಳಬೇಕು, ಎಮ್ಮೆ ಇಲ್ಲಿ ಸರಿಯಾಗಿ ಹಾಲು ಕೊಡುತ್ತಿಲ್ಲ ಅಂದರು. ಅಂಗಳದಲ್ಲಿ ದೇವರಾಜ ಅವರೂ ಇದ್ದರು. ಮಳೆ ಬಿಟ್ಟಿತಲ್ಲ, ಮಾದರಿ ಕಾಮಗಾರಿಯ ಫೋಟೊ ಮತ್ತೆ ಬೇಕು ಅಂತ ಇಬ್ಬರು ಪಂಚಾಯಿತಿ ಸದಸ್ಯರನ್ನು ಕರೆದುಕೊಂಡು ಬಂದಿದ್ದರು. ನಾನು ಮುಂಚೆಯೇ ಗುಡ್ಡಕ್ಕೆ ಹೋಗಿ ಬಂದಿದ್ದೆ. ಕಂಡದ್ದು ಕಂಡಿದ್ದೆ.

ಭಾವ ಕೋಲು ಹಿಡಿದು ಮೆಟ್ಟಿಲಿಳಿದವರು ನಿಂತು ನನ್ನ ಕಡೆ ತಿರುಗಿದರು. ‘ನೋಡವ್ವ, ಕನಸು ಗಿನಸು ಬಿಡು. ನೀನು ದಿನಾ ಹತ್ತಿ ಇಳೀತೀಯ. ಮೇಲೆ ಎಂತಾದ್ರೂ ಕಂಡ್ಯಾ? ನೆಲ ಬಿರಿದಿದ್ದು ಗಿರಿದಿದ್ದು? ಹಂಗಿದ್ರೆ ಹೇಳು, ನಾನು ಹೋಗಲ್ಲ.’

ಎಲ್ಲರೂ ನನ್ನನ್ನೇ ನೋಡಿದರು. ದೇವರಾಜ ಅವರು ಫೋನಿನಿಂದ ತಲೆ ಎತ್ತಿದರು.

‘ಇಲ್ಲ ಭಾವ’ ಅಂದೆ.

‘ಬಾವಿ ನೀರೂ ತಿಳಿಯಾಗಿದೆ. ಕೆಳಗೆ ಬಂಡೆ ಇದೆ ಅಂತ ನೀನೇ ಹೇಳಿದ್ದೆಯಲ್ಲ’ ಅಂದು ಎಮ್ಮೆಯ ಹಗ್ಗ ಹಿಡಿದು ಹೋದರು. ಅಕ್ಕ ನಾಳಿನವರೆಗೆ ಇರುತ್ತಾಳೆ, ಚೌಡಮ್ಮನಿಗೆ ಹಣ್ಣುಕಾಯಿ ಮಾಡಿಸದೆ ಆ ಹೊಸ್ತಿಲು ದಾಟುವುದಿಲ್ಲವಂತೆ.

ದೇವರಾಜ ಅವರಿಗೆ ಕೆಳಗಿನ ಸಾಲಿನಲ್ಲೇ ಫೋಟೊ ತೆಗೆಸಿ ಕಳಿಸಿದೆ. ಭಾವ ಒಬ್ಬರೇ ಸಿಕ್ಕಾಗ ಹೇಳಬೇಕು ಅಂತ ಸಂಜೆ ಅರ್ಧ ದಾರಿ ಹೋಗಿದ್ದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ನಾಳೆ ಬೆಳಗ್ಗೆ ತಿಂಡಿ ತೆಗೆದುಕೊಂಡು ಹೋಗಿ ಹೇಳಿದರಾಯಿತು ಅಂತ ವಾಪಸು ಬಂದೆ.

ಜುಲೈ 22, ಮಂಗಳವಾರ

ಬೆಳಗ್ಗೆ ಎಂಟೂವರೆಗೆ ಬಿತ್ತು. ಬಿಸಿಲಿತ್ತು. ನಾನು ರೊಟ್ಟಿ ಕಟ್ಟುತ್ತಿದ್ದೆ.

ಜುಲೈ 24, ಗುರುವಾರ

ನಿನ್ನೆ ಮಧ್ಯಾಹ್ನ ಭಾವ ಸಿಕ್ಕರು. ಇವರೇ ತೋಡಿದರು, ಬೇರೆಯವರು ಮುಟ್ಟಲು ಬಿಡಲಿಲ್ಲ. ಹಿಂದಿನ ಬಾಗಿಲ ಹತ್ತಿರ ಇದ್ದರು. ಬಾಗಿಲು ತೆಗೆಯಲು ಬಂದಿಲ್ಲ.

ಗುಡ್ಡದ ಮೇಲೆ ಈಗ ಮರವಿಲ್ಲ, ಗುಂಡಿಯಿಲ್ಲ. ಬೋಳು ಶೇಡಿ, ದೂರಕ್ಕೆ ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತೆ. ನಾನು ಆ ಕಡೆಯ ಕಿಟಕಿ ಮುಚ್ಚಿದ್ದೇನೆ.

ಆಗಸ್ಟ್ 2, ಶನಿವಾರ

ಕರ್ಮ ಮುಗಿಯಿತು. ಅತಿವೃಷ್ಟಿ ಅಂತ ವರದಿಯಾಗಿದೆ. ದೇವರಾಜ ಅವರು ಒಂದು ದಿನ ಬಂದು, ನೆಲ ನೋಡುತ್ತಾ ಮಾತಾಡಿ ಹೋದರು. ಜಾಗದ ಸುದ್ದಿ ಅವರೂ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಇಬ್ಬರೂ ಹೆಗಲು ಮುಟ್ಟಿ ನೋಡಿಕೊಳ್ಳುವವರೇ.

ನನ್ನನ್ನು ನೋಡಲು ಜನ ಬರುತ್ತಿದ್ದಾರೆ. ಕುಪ್ಪಗಡ್ಡೆಯಿಂದ ಒಬ್ಬಾಕೆ ಬಂದು, ಮಗಳಿಗೆ ಮಕ್ಕಳಾಗಿಲ್ಲ, ಚೌಡಮ್ಮನನ್ನು ಕೇಳು ಅಂದಳು. ನನ್ನ ಕಾಲು ಮುಟ್ಟಲು ಬಗ್ಗಿದಳು. ಅಕ್ಕ ಪಕ್ಕದಲ್ಲೇ ಕೂತು ಎಲ್ಲರಿಗೂ ಅದೇ ಹೇಳುತ್ತಾಳೆ: ‘ನನ್ನ ತಂಗಿ ಹೇಳಿದ್ಲು. ಅವರು ಕೇಳಲಿಲ್ಲ. ಅವರದ್ದೇ ತಪ್ಪು.’

ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಸತ್ತವರನ್ನು ಬೈಯುತ್ತಾಳೆ, ಹಟಮಾರಿ, ದೇವರಿಲ್ಲ ಅನ್ನುವವನು, ನನ್ನನ್ನು ಬೀದಿಗೆ ಹಾಕಿ ಹೋದ ಅಂತ. ಬೈದು ಬೈದು ಅಳುತ್ತಾಳೆ. ಅಳುವಾಗ ನನ್ನ ಕೈ ಹಿಡಿದುಕೊಳ್ಳುತ್ತಾಳೆ.

ಆಗಸ್ಟ್ 5, ಮಂಗಳವಾರ

ಸಂಘಮಿತ್ರಾ ಫೋನು ಮಾಡುತ್ತಲೇ ಇದ್ದಾಳೆ. ಎತ್ತಲಿಲ್ಲ. ನಾಳೆ ಅಕ್ಕನಿಗೆ ಹೇಳಬೇಕು.

ಆಗಸ್ಟ್ 6, ಬುಧವಾರ

ನಾಳೆ.

ಆಗಸ್ಟ್ 8, ಶುಕ್ರವಾರ

ಹೇಳಿದೆ.

ಇವರು ಗದ್ದೆಗೆ ಹೋಗಿದ್ದರು. ಅಕ್ಕ ಹಿತ್ತಲ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು, ಮತ್ತೆ ಅದೇ ಶುರು ಮಾಡಿದಳು, ಅವರದ್ದೇ ತಪ್ಪು ಅಂತ. ಅವಳು ಅವರನ್ನು ಇನ್ನೊಂದು ಸಲ ಬೈಯುವುದನ್ನು ಕೇಳಲು ನನ್ನಿಂದ ಆಗಲಿಲ್ಲ. ಕನಸು ಬಿದ್ದಿರಲಿಲ್ಲ ಅಕ್ಕ ಅಂದೆ. ನೆಟ್‌ವರ್ಕಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಜಾಗ ಬದಲಿಸಿದ್ದು, ಶೇಡಿ ಕಂಡದ್ದು, ಬಂಡೆ ಅಂದದ್ದು, ಹಾಳೆ ಮುಚ್ಚಿಟ್ಟದ್ದು, ಬಿರುಕಿಗೆ ಗರಸು ತುಂಬಿದ್ದು. ಆ ಹಾಳೆಯನ್ನು ಅವಳ ಮುಂದೆ ಇಟ್ಟೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ತೆಗೆದುಕೊಂಡು ನೋಡಿದಳು.

ಬೈಯುತ್ತಾಳೆ ಅಂದುಕೊಂಡೆ, ಹೊಡೆಯುತ್ತಾಳೆ ಅಂದುಕೊಂಡೆ. ಮೊರ ಕೆಳಗಿಟ್ಟಳು.

‘ಅವತ್ತು ನಾನು ಒಳಗೆ ಒಲೆ ಮುಂದಿದ್ದೆ. ಹೊರಡುವಾಗ ಅವರು ನಿನ್ನ ಕೇಳಿದ್ದು ನನಗೂ ಕೇಳಿಸ್ತು. ನೆಲ ಬಿರಿದಿದೆಯಾ, ಹಂಗಿದ್ರೆ ಹೋಗಲ್ಲ ಅಂತ.’

ಹೌದು ಅಂದೆ.

‘ಅವತ್ತು ಬೆಳಗ್ಗೆ ಎಷ್ಟು ಅಗಲ ಇತ್ತು?’

ಎರಡೂ ಕೈ ಅಗಲಿಸಿ ತೋರಿಸಿದೆ, ಒಂದು ಮೊಳಕ್ಕಿಂತ ಜಾಸ್ತಿ.

ಅಕ್ಕ ನನ್ನ ಕೈಗಳ ನಡುವಿನ ಆ ಜಾಗವನ್ನು ತುಂಬ ಹೊತ್ತು ನೋಡಿದಳು.

‘ಅವರಿಗೆ ಎರಡು ಬೆರಳು ಸಾಕಿತ್ತು’ ಅಂದಳು.